ಖಲಾಸಿ ಇಲ್ಲದ ಲಿಫ್ಟು

ದುರ್ಗಿಗುಡಿಯ ಡಾಕ್ಟರು ನಮ್ಮನೆಯವರ ಮೊಣಕಾಲಿನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಇನ್ಮೇಲೆ ಕುಕ್ಕರುಗಾಲಲ್ಲಿ ಕೂರೋ ಕೆಲಸ ಬಿಟ್ಬಿಡಿ. ನಿಂತು ಮಾಡೋದು ಏನಾದ್ರೂ ಇದ್ರೆ ಮಾಡಿ" ಎಂದರು. ಇವರು ಒಳ್ಳೆಯ ಹುಡುಗನಂತೆ ತಲೆಯಾಡಿಸಿದರು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ನನಗೆ ಹೇಳಿದ್ದೇ ಬೇರೆ: "ಬೈಕನ್ನೇ ನೆಲದಿಂದ ಎತ್ತಿಬಿಟ್ರೆ ಆಯ್ತಲ್ಲ ಮಾರಾಯ್ತಿ. ನಾನ್ಯಾಕೆ ಕೂರ್ಬೇಕು?"

ಎರಡು ಸಾವಿರದ ಇಸವಿ ದಾಟಿದ ಹೊಸತು. ಇವರು ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವರು. ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು, ಕ್ವಾರ್ಟರ್ಸ್ ಖಾಲಿ ಮಾಡಿ, ನಾವು ಶಿವಮೊಗ್ಗದ ಆಲ್ಕೊಳದಲ್ಲಿ ಚಿಕ್ಕದೊಂದು ಮನೆಗೆ ಬಂದಿದ್ದೆವು. ಮೊದಲ ಕೆಲವು ತಿಂಗಳು ಅವರನ್ನು ಕಣ್ಣಲ್ಲಿ ನೋಡಲಾಗುತ್ತಿರಲಿಲ್ಲ. ಬೆಳಗಿನ ಶಿಫ್ಟಿನ ಹೊತ್ತಿಗೆ ಎದ್ದು, ಗಡ್ಡ ಕೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟಿನ ಹತ್ತಿರ ಹೋಗಿ ನಿಲ್ಲುವರು. ಹೋಗುವುದಕ್ಕೆ ಜಾಗವೇ ಇರಲಿಲ್ಲ. ಚೆನ್ನಾಗಿಯೇ ತಿರುಗುತ್ತಿದ್ದ ನನ್ನ ಮಿಕ್ಸಿಯನ್ನು ಬಿಚ್ಚಿ ಹರಡಿಕೊಂಡು ಕೂರುವರು. ಆಮೇಲೆ ಕಾರಿಲ್ಲದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಬೀದಿಯವರ ಬೈಕು ರಿಪೇರಿ ಶುರುಮಾಡಿದರು ನೋಡಿ, ಹಸಿವು ಬಂತು, ನಿದ್ದೆ ಬಂತು, ನನ್ನ ಮೇಲೆ ರೇಗುವುದೂ ಮರಳಿ ಬಂತು. ಹಾಗಾಗಿ ಡಾಕ್ಟರು ಕೂರಬೇಡಿ ಎಂದಾಗ ಅವರಿಗಿಂತ ಹೆಚ್ಚು ಹೆದರಿದವಳು ನಾನು. ಈ ಕೆಲಸ ನಿಂತರೆ ಆ ಮಿಕ್ಸಿ ಬಿಚ್ಚುವ ಮನುಷ್ಯ ಮತ್ತೆ ಬಂದು ಕೂರುತ್ತಾರೆಂದು ನನಗೆ ಗೊತ್ತಿತ್ತು.

ಗಾಂಧಿ ಬಜಾರಿನಿಂದ ಸ್ವಲ್ಪ ದೂರದಲ್ಲಿ ಗ್ಯಾರೇಜು ಸಾಮಾನಿನ ಅಂಗಡಿಯೊಂದಿತ್ತು. ಅಲ್ಲಿ ಬೈಕ್ ಎತ್ತುವ ಲಿಫ್ಟು ಬಂದಿದೆಯೆಂದು ಯಾರೋ ಹೇಳಿದರು. ಒಂದು ಸಂಜೆ, ಬಜಾರಿನಲ್ಲಿ ಲಂಗದ ಬಟ್ಟೆ ತೆಗೆದುಕೊಂಡು, ಇಬ್ಬರೂ ಅಲ್ಲಿಗೆ ಹೋದೆವು. ಮಂಚದ ಹಾಗಿರುವ ಉದ್ದನೆಯ ಕಬ್ಬಿಣದ ಹಲಗೆ, ಕೆಳಗೆ ಕತ್ತರಿಯಂತೆ ಮಡಚಿಕೊಳ್ಳುವ ಕಾಲುಗಳು. ಪಕ್ಕದಲ್ಲೊಂದು ಪೆಡಲು. ನಿಂತುಕೊಂಡೇ ಅದನ್ನು ತುಳಿದರೆ ಎಣ್ಣೆಯ ಒತ್ತಡಕ್ಕೆ ಹಲಗೆ ಮೇಲೇಳುತ್ತದೆ. ಅಂಗಡಿಯವನು ತನ್ನದೇ ಬೈಕನ್ನು ಹತ್ತಿಸಿ, "ತುಳೀರಿ ಸಾರ್, ನೀವೇ ತುಳೀರಿ" ಎಂದ. ಇವರು ತುಳಿದರು. ಬೈಕು ಮೆಲ್ಲಗೆ ಎದ್ದು ಬಂದು, ಇಂಜಿನ್ನು ಇವರ ಎದೆಯ ಮಟ್ಟಕ್ಕೆ ನಿಂತಿತು. ಮದುವೆಯಾದಾಗಿನಿಂದ ನಾನು ಅವರನ್ನು ಬೈಕಿನ ಮುಂದೆ ನೋಡಿದ್ದೆಲ್ಲ ನೆಲದ ಮೇಲೆ, ಬಗ್ಗಿದ ಬೆನ್ನಾಗಿ. ಅವತ್ತು ಮೊದಲ ಸಲ ನೆಟ್ಟಗೆ ನಿಂತು ಇಂಜಿನ್ನಿನ ಮೇಲೆ ಕೈಯಿಟ್ಟಿದ್ದರು. ಎಷ್ಟು ಚೆನ್ನಾಗಿ ಕಾಣುತ್ತಿದ್ದರು! ನನಗೆ ಆಗಲೇ ಅದನ್ನು ಕಟ್ಟಿಸಿಕೊಂಡು ಹೋಗಿಬಿಡೋಣ ಎನ್ನಿಸಿತು.

ಅಷ್ಟರಲ್ಲಿ ಇವರು ಬಗ್ಗಿ ಅಡಿಯಲ್ಲಿ ನೋಡಿದರು. ಬೆರಳಲ್ಲಿ ವೆಲ್ಡಿಂಗ್ ಸವರಿದರು. ಉಗುರಲ್ಲಿ ತಗಡು ತಟ್ಟಿದರು. ಮುಖ ಸಿಂಡರಿಸಿದರು.

"ಇದೇನ್ರೀ ಇದು, ಬಿಸ್ಕತ್ ಡಬ್ಬದ ತಗಡು. ಇದನ್ನ ದುಡ್ಡು ಕೊಟ್ಟು ತಗೊಳ್ಳೋದಾ? ನಾವೇ ಮಾಡ್ಕೋತೀವಿ."

ಕಾರ್ಖಾನೆಯವರ ಮನೆಯಲ್ಲಿ ಬಾಳಿದವರಿಗೆ ಈ ಮಾತು ಹೊಸದಲ್ಲ. ಮಾಡಲು ಬರುವುದನ್ನು ಕೊಂಡು ತರುವುದೆಂದರೆ ಅವರಿಗೆ ಕೈಲಾಗದವರು ಅನ್ನಿಸಿಕೊಂಡ ಹಾಗೆ. ನಮ್ಮ ಮನೆಯ ಇಕ್ಕಳ, ಸ್ಟೌ ಸ್ಟ್ಯಾಂಡು, ತೆಂಗಿನಕಾಯಿ ತುರಿಯುವ ಮಣೆ, ಎಲ್ಲವೂ ಇವರ ಕೈಯದೇ. ಒಂದೊಂದನ್ನೂ ಎತ್ತಲು ಎರಡು ಕೈ ಬೇಕು. ಮಗಳು ಚಿಕ್ಕವಳಿದ್ದಾಗ ಮೂರು ಗಾಲಿಯ ಸೈಕಲ್ ಮಾಡಿಕೊಟ್ಟಿದ್ದರು. ಬೀದಿಗೆಲ್ಲ ತೋರಿಸಿದರು, ಎಲ್ಲರೂ ಹೊಗಳಿದರು. ಮಗುವಿಗೆ ಮಾತ್ರ ಅದನ್ನು ತುಳಿಯಲಾಗಲಿಲ್ಲ. ಅವಳು ಅದರ ಮೇಲೆ ಕೂತು ಊಟ ಮಾಡುತ್ತಿದ್ದಳು. ಆ ಸೈಕಲ್ಲು ಅಂಗಡಿಯಲ್ಲಿ ಅವತ್ತು ನನ್ನ ನೆನಪಿಗೆ ಬರಬೇಕಿತ್ತು. ಬರಲಿಲ್ಲ.

ಮಾರನೆಯ ದಿನವೇ ಇವರು ಭದ್ರಾವತಿಯ ಬಸ್ಸು ಹತ್ತಿದರು. ಅಲ್ಲಿ ಹಳೇನಗರದಲ್ಲಿ ಇವರ ಜೀವದ ಗೆಳೆಯರಿದ್ದರು. ಒಂದೇ ಶಾಪಿನಲ್ಲಿ ಟರ್ನರ್ ಆಗಿದ್ದು, ಇವರ ಜೊತೆಗೇ ಕೆಲಸ ಬಿಟ್ಟವರು. ಮನೆಯ ಹಿಂದೆ ಕಬ್ಬಿಣ ಕಡೆಯುವ ಒಂದು ಹಳೆಯ ಲೇತು ಹಾಕಿಕೊಂಡಿದ್ದರು. ಮನೆಮಾತು ತಮಿಳು. ನನ್ನನ್ನು ಬಾಯ್ತುಂಬ 'ತಂಗಚ್ಚಿ' ಎಂದು ಕರೆಯುತ್ತಿದ್ದರು, ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅಣ್ಣ ಮುಂದಿನ ವಾರವೇ ನಮ್ಮ ಶೆಡ್ಡು ನೋಡಲು ಬಂದರು. ಕಾಫಿ ಲೋಟ ಹಿಡಿದುಕೊಂಡು ತೀರ್ಪು ಕೊಟ್ಟರು.

"ಎಣ್ಣೆ ನಂಬ್ಬೇಡ ಮಾರಾಯ. ಸೀಲು ಹೋಯ್ತು ಅಂದ್ರೆ ಬೈಕು ತಲೆ ಮೇಲೆ. ಜಾಕಿನ ಥರ ತಿರುಗಿಸೋ ಸ್ಕ್ರೂ ಹಾಕೋಣ. ಸ್ಕ್ರೂ ಎಲ್ಲಿ ನಿಲ್ಸ್ತೀಯೋ ಅಲ್ಲೇ ನಿಲ್ತದೆ, ಸಾಯೋ ತನಕ ನಿಲ್ತದೆ. ಏನ್ ತಂಗಚ್ಚಿ?"

"ಅಂಗಡೀಲಿ ಒಂದು ಚೆನ್ನಾಗಿತ್ತು ಅಣ್ಣ. ನಿಂತ್ಕೊಂಡೇ ತುಳಿಯೋದು" ಎಂದೆ.

ಇಬ್ಬರೂ ನನ್ನ ಕಡೆ ನೋಡಿ ನಕ್ಕರು. ಪ್ರೀತಿಯ ನಗುವೇ. ನಾನೂ ನಕ್ಕು ಲೋಟ ತೆಗೆದುಕೊಂಡು ಒಳಗೆ ಹೋದೆ.

ಆಮೇಲೆ ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಲಿಫ್ಟಿನ ಪೂರ್ತಿ ಅಳತೆಯ ನಕ್ಷೆ ಬಂತು. ಅದನ್ನು ಗುಡಿಸುವಂತಿಲ್ಲ, ತೊಳೆಯುವಂತಿಲ್ಲ. ಬೈಕಿನ ಉದ್ದ, ಗಾಲಿಯ ಅಗಲ, ಶೆಡ್ಡಿನ ಬಾಗಿಲು, ಸೂರಿನ ತಗಡು, ಎಲ್ಲವನ್ನೂ ಅಳೆದರು. ನನ್ನನ್ನು ಬೈಕಿನ ಮೇಲೆ ಕೂರಿಸಿ ಕೂಡ ಅಳೆದರು. ವಾರಕ್ಕೊಮ್ಮೆ ಭದ್ರಾವತಿ. ಅಲ್ಲಿಂದ ಬಂದವರ ಅಂಗಿಯಲ್ಲಿ ಕಬ್ಬಿಣದ ಪುಡಿಯ ವಾಸನೆ, ಮುಖದಲ್ಲಿ ಶಿಫ್ಟು ಮುಗಿಸಿ ಬಂದವರ ಆಯಾಸ. ಆ ವಾಸನೆಯನ್ನು ನಾನೂ ಬಯಸಿದ್ದೆನೆಂದು ಕಾಣುತ್ತದೆ. ಬೈಯಲು ಬಾಯಿ ಬರುತ್ತಿರಲಿಲ್ಲ.

ಆದರೆ ಕೆಲಸ ಮುಗಿಯಬೇಕಲ್ಲ! ಮೊದಲು ಕಡೆದ ಸ್ಕ್ರೂ ಕೂದಲೆಳೆಯಷ್ಟು ಅಲುಗುತ್ತದೆಂದು ಅಣ್ಣ ಅದನ್ನು ಮೂಲೆಗೆಸೆದರು. ಎರಡನೆಯದಕ್ಕೆ ಬೇಕಾದ ಉಕ್ಕು ಸಿಗಲು ತಿಂಗಳುಗಟ್ಟಲೆ ಕಾದರು. ಕಾರ್ಖಾನೆಯಲ್ಲಿ ಒಂದು ಕೆಲಸ ಮುಗಿಯುವುದು ಅದು ಸರಿಯಾದಾಗ, ಯಾರಿಗೋ ಬೇಕಾದಾಗ ಅಲ್ಲ. ಇಲ್ಲಿ ಬೇಕಾಗಿದ್ದ ಮೊಣಕಾಲು ದಿನಾ ಸಂಜೆ ಊದಿಕೊಳ್ಳುತ್ತಿತ್ತು. "ಆ ಅಂಗಡೀದೇ ತಂದ್ಬಿಡಿ ರೀ" ಎಂದರೆ, "ಬಂದೇಬಿಡ್ತು ಕಣೇ, ಪೇಂಟೊಂದು ಬಾಕಿ" ಎನ್ನುವರು. ಹಾಗೆನ್ನುತ್ತಲೇ ಮಣೆ ಎಳೆದುಕೊಂಡು ನೆಲದ ಮೇಲೆ ಕೂತು ಯಾರದೋ ಚೈನ್ ಬಿಗಿಮಾಡುವರು. ನಾನು ರಾತ್ರಿ ಎಣ್ಣೆ ಬಿಸಿ ಮಾಡಿ ತಿಕ್ಕುವೆನು. ಎರಡು ಮಳೆಗಾಲ ಹೀಗೇ ಹೋಯಿತು.

ಕೊನೆಗೆ ಆಯುಧಪೂಜೆಗೆ ಎರಡು ದಿನ ಇದೆ ಎನ್ನುವಾಗ ಲಿಫ್ಟು ಗೂಡ್ಸ್ ಆಟೋದಲ್ಲಿ ಬಂತು. ಇಳಿಸಲು ಬೀದಿಯ ಗಂಡಸರೆಲ್ಲ ಬೇಕಾಯಿತು. ಕಾರ್ಖಾನೆಯ ಯಂತ್ರಗಳಿಗೆ ಬಳಿಯುವ ಅದೇ ಹಸಿರು ಬಣ್ಣ. ಸುಳ್ಳು ಹೇಳಬಾರದು, ಬಹಳ ಚೆಂದವಿತ್ತು. ಕುಂಬಳಕಾಯಿ ಒಡೆದು, ಹೂವು ಏರಿಸಿ, ಇವರ ಬೈಕನ್ನು ಮೇಲೆ ಹತ್ತಿಸಿದರು. ಇವರು ಬದಿಯಲ್ಲಿ ನಿಂತು ತೋರುಬೆರಳನ್ನು ಮೇಲಕ್ಕೆ ಮಾಡಿ ಸಣ್ಣಗೆ ಸುತ್ತಿಸಿದರು. ಕಾರ್ಖಾನೆಯಲ್ಲಿ ಕ್ರೇನಿನವನಿಗೆ ಕೊಡುವ ಸನ್ನೆ ಅದು, ಎತ್ತು ಎಂದು. ಅಣ್ಣ ಪಂಚೆ ಮೇಲೆ ಕಟ್ಟಿ, ಲಿಫ್ಟಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಹಿಡಿಕೆ ತಿರುಗಿಸಿದರು. ಸದ್ದಿಲ್ಲ, ನಡುಕವಿಲ್ಲ. ಬೈಕು ದೇವರ ಹಾಗೆ ಮೇಲೇರಿತು. ಎದೆಯ ಮಟ್ಟಕ್ಕೆ ಬಂದಾಗ ಇವರು ಮುಷ್ಟಿ ಬಿಗಿದರು, ನಿಲ್ಲು ಎಂದು. ಜನ ಚಪ್ಪಾಳೆ ತಟ್ಟಿದರು.

ಅಣ್ಣನ ಬಸ್ಸು ಹೊರಟ ಮೇಲೆ ಇವರು ಬೈಕನ್ನು ಇಳಿಸಲು ಹೋದರು. ಹಿಡಿಕೆ ಇದ್ದದ್ದು ನೆಲದಿಂದ ಒಂದು ಗೇಣು ಮೇಲೆ. ಒಂದು ಕೈ ಗೋಡೆಗೆ ಕೊಟ್ಟರು, ಇನ್ನೊಂದು ನೆಲಕ್ಕೆ. ಅರ್ಧ ಕೂತು, ಹಲ್ಲು ಕಚ್ಚಿ, ಹಾಗೆಯೇ ನಿಂತುಬಿಟ್ಟರು. ನನ್ನ ಕಡೆ ನೋಡಲಿಲ್ಲ.

ಎಲ್ಲ ಅಳೆದಿದ್ದರು, ಮೊಣಕಾಲೊಂದನ್ನು ಬಿಟ್ಟು. ಅಷ್ಟು ತಿಳಿದವರಿಗೆ ಇದು ಹೇಗೆ ಹೊಳೆಯಲಿಲ್ಲವೆಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೇನೆ. ಕಾರ್ಖಾನೆಯಲ್ಲಿ ಭಾರ ಎತ್ತಲು, ಹಿಡಿಕೆ ತಿರುಗಿಸಲು ಖಲಾಸಿಗಳಿರುತ್ತಿದ್ದರು. ಫಿಟರು, ಟರ್ನರುಗಳದು ಬೆರಳು ಸುತ್ತಿಸುವ ಕೆಲಸ, ಮುಷ್ಟಿ ಬಿಗಿಯುವ ಕೆಲಸ. ಭದ್ರಾವತಿಯಲ್ಲಿ ಲಿಫ್ಟನ್ನು ಪರೀಕ್ಷೆ ಮಾಡಿದಾಗಲೂ ಪಕ್ಕದ ಗ್ಯಾರೇಜಿನವರು ಬಂದು ತಿರುಗಿಸಿದ್ದರಂತೆ, ಇವರಿಬ್ಬರೂ ನಿಂತು ಸನ್ನೆ ಮಾಡಿದ್ದರಂತೆ. ಹಿಡಿಕೆಯ ಬುಡದಲ್ಲಿ ಒಬ್ಬ ಮನುಷ್ಯ ಇದ್ದೇ ಇರುತ್ತಾನೆಂದು ಅವರ ಕೈಗೇ ರೂಢಿಯಾಗಿಬಿಟ್ಟಿತ್ತು. ಆಲ್ಕೊಳದ ಕಾರ್ ಶೆಡ್ಡಿನಲ್ಲಿ ಖಲಾಸಿ ಎಲ್ಲಿಂದ ಬರಬೇಕು?

"ಸರೀರಿ ಆಚೆ" ಎಂದು ಸೆರಗು ಸಿಕ್ಕಿಸಿ ನಾನೇ ಕೂತೆ. ಈಳಿಗೆಮಣೆಯ ಮುಂದೆ ಕೂತು ಬೆಳೆದವಳಿಗೆ ಕುಕ್ಕರುಗಾಲು ಏನು ಮಹಾ. ತಿರುಗಿಸಿದೆ. ಅಣ್ಣನ ಸ್ಕ್ರೂ ಬೆಣ್ಣೆಯ ಹಾಗೆ ಓಡಿತು. ಅವತ್ತಿನಿಂದ ನಾನು ನಮ್ಮ ಮನೆಯ ಖಲಾಸಿ. ಬೈಕು ಬಂದರೆ ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುವರು. ನಾನು ಒಗ್ಗರಣೆ ಮುಗಿಸಿ ಹೋಗುವೆನು. ಬೆರಳು ಸುತ್ತುತ್ತದೆ, ನಾನು ಸುತ್ತಿಸುತ್ತೇನೆ. ಮುಷ್ಟಿ ಬಿಗಿಯುತ್ತದೆ, ನಿಲ್ಲಿಸುತ್ತೇನೆ. "ಸಂಬಳ ಯಾವಾಗ ಸಾಹೇಬ್ರೆ?" ಎಂದು ಕೇಳಿದರೆ ನಗುವರು. ಆಮೇಲೆ ಅವರು ನೆಟ್ಟಗೆ ನಿಂತು ಕೆಲಸ ಮಾಡುವುದನ್ನು ನಾನು ಒಂದು ಗಳಿಗೆ ನೋಡಿ ಒಳಗೆ ಹೋಗುವೆನು. ಹೇಳುತ್ತೇನೆ, ನನ್ನ ಸಂಸಾರದಲ್ಲಿ ಅಷ್ಟು ಸುಖದ ದಿನಗಳು ಹೆಚ್ಚಿಲ್ಲ. ಕ್ವಾರ್ಟರ್ಸಿನಲ್ಲಿ ಅವರ ಕೆಲಸವೆಂದರೆ ಕಾರ್ಖಾನೆಯ ಸೈರನ್ನಿನ ಆಚೆಗಿನದು. ಈಗ ಅದರ ಹಿಡಿಕೆ ನನ್ನ ಕೈಯಲ್ಲಿತ್ತು.

ಇದನ್ನು ನಾನು ಅವರಿಗೆ ಹೇಳಲಿಲ್ಲ. ನಮ್ಮ ಕಾಲದಲ್ಲಿ ಇಂಥದ್ದನ್ನೆಲ್ಲ ಗಂಡನಿಗೆ ಹೇಳುವುದೆಂದರೆ ನಾಚಿಕೆ. ಏಳುವಾಗ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ಉಸ್ಸಪ್ಪಾ!"

ಅದು ನನ್ನ ಬಾಯಿಚಾಳಿ. ಖಾಲಿ ಕೊಡ ಎತ್ತಿದರೂ ಉಸ್ಸಪ್ಪಾ, ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಉಸ್ಸಪ್ಪಾ. ಮಗಳು ಅದನ್ನು ಅಣಕಿಸಿ ನಗಿಸುತ್ತಿದ್ದಳು.

ಮುಂದಿನ ವರ್ಷದ ಹೊತ್ತಿಗೆ ಬೈಕು ಬರುವುದು ಕಡಿಮೆಯಾಯಿತು. "ಎಲ್ಲಾ ಶೋರೂಮಿಗೆ ಹೋಗ್ತಾರೆ ಈಗ" ಎಂದರು ಇವರು. ನಂಬಿದೆ. ಒಂದು ದಿನ ಹೂವು ಕೊಯ್ಯುತ್ತಿದ್ದಾಗ ಕಾಂಪೌಂಡಿನ ಆಚೆ ಮಾತು ಕೇಳಿಸಿತು. ಹಿಂದಿನ ಬೀದಿಯ ಮೇಷ್ಟ್ರು ಬೈಕು ತಳ್ಳಿಕೊಂಡು ಬಂದಿದ್ದರು. "ಇಲ್ಲ ಸಾರ್, ಈಗ ಮಾಡ್ತಾ ಇಲ್ಲ" ಎಂದು ಇವರು ಗೇಟಿನಿಂದಲೇ ಕಳಿಸಿದರು. ಮೊಣಕಾಲು ಸೋತಿರಬೇಕು, ಹೇಳಿಕೊಳ್ಳಲು ಸಂಕೋಚವಿರಬೇಕು ಎಂದುಕೊಂಡೆ. ಕೇಳಿ ನೋಯಿಸುವುದು ಬೇಡವೆಂದು ಸುಮ್ಮನಾದೆ. ಕೆಲಸ ನಿಂತಿತು. ನಾನು ಹೆದರಿದ್ದ ಆ ಮನುಷ್ಯ ಮತ್ತೆ ಬಂದು ಗೇಟಿನ ಹತ್ತಿರ ನಿಂತರು. ಈ ಸಲ ಇಸ್ತ್ರಿಯೂ ಇರಲಿಲ್ಲ. ಕೂತು ಕೂತು ಕಾಲಿನ ಬಲ ಪೂರಾ ಹೋಯಿತು.

ಎಷ್ಟೋ ದಿನದ ಮೇಲೆ ಅಣ್ಣ ಶಿವಮೊಗ್ಗಕ್ಕೆ ಯಾವುದೋ ಮದುವೆಗೆ ಬಂದವರು ಮನೆಗೆ ಬಂದರು. ಇವರು ಒಳಗೆ ಮಲಗಿದ್ದರು. ಅಣ್ಣ ಶೆಡ್ಡಿನಲ್ಲಿ ಲಿಫ್ಟಿನ ಮೇಲೆ ಹರಡಿದ್ದ ನನ್ನ ಹಪ್ಪಳ ನೋಡಿ, ಬಗ್ಗಿ ಹಿಡಿಕೆಯನ್ನು ಅರ್ಧ ಸುತ್ತು ತಿರುಗಿಸಿ ಬಿಟ್ಟರು.

"ಏನ್ ತಂಗಚ್ಚಿ, ನಿಂಗೆ ಅಷ್ಟು ಕಷ್ಟ ಆಗೋದು ಅಂತ ನಂಗೆ ಮೊದ್ಲೇ ಹೇಳ್ಬಾರ್ದಾ? ಹಿಡಿಕೆ ಸೊಂಟದ ಎತ್ತರಕ್ಕೆ ತರೋದು ಏನ್ ದೊಡ್ಡ ವಿಷ್ಯ, ಎರಡು ಗೇರು ಹಾಕಿದ್ರೆ ಆಯ್ತು."

"ನನಗೆಂಥ ಕಷ್ಟ ಅಣ್ಣ?"

"ಅವನೇ ಹೇಳಿದ್ನಲ್ಲ, ಹೋದ ತಿಂಗ್ಳು ಫೋನಲ್ಲಿ. 'ಪ್ರತಿ ಸಲ ಉಸ್ಸಪ್ಪಾ ಅಂತಾಳೆ ಕಣಯ್ಯಾ, ನನ್ ಕೈಲಿ ಕೇಳಕ್ಕಾಗಲ್ಲ, ಅದಕ್ಕೇ ಬಿಟ್ಟೆ' ಅಂದ. 'ಮೊದ್ಲೇ ಯಾಕೋ ಹೇಳ್ಲಿಲ್ಲ' ಅಂದ್ರೆ, 'ನೀನು ಅಷ್ಟು ಆಸೆಯಿಂದ ಮಾಡಿದ್ದು, ಹೆಂಗೆ ಹೇಳ್ಲಿ' ಅಂದ."

ನಾನು ಹಪ್ಪಳ ಮಗುಚತೊಡಗಿದೆ. ಒಣಗಿಬಿಟ್ಟಿದ್ದವು, ಮಗುಚುವ ಅಗತ್ಯವಿರಲಿಲ್ಲ. ಇವರು ಎದ್ದ ಮೇಲೆ, ಆ ಗೇರು ಮಾಡಿಕೊಡುತ್ತೇನೆಂದು ಅಣ್ಣ ಇವರಿಗೂ ಹೇಳಿದರು. ಇವರು, "ಬಿಡೋ, ಇನ್ನು ಎತ್ತಿದ್ರೂ ನಿಲ್ಲೋ ಕಾಲೆಲ್ಲಿದೆ" ಎಂದರು. ಅದು ನಿಜವೇ ಆಗಿತ್ತು.

ಅಣ್ಣ ಹೋದ ಮೇಲೆ ನಾನು ಇವರ ಹತ್ತಿರ ಕೂತು, ಅದು ಸುಮ್ಮನೆ ಬಾಯಿಚಾಳಿ ರೀ, ನನಗೆ ಆ ಕೆಲಸ ಇಷ್ಟವಿತ್ತು ಎಂದೆ. ಇವರು ನನ್ನ ಕೈ ತಟ್ಟಿದರು, ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂಬಂತೆ. ನಂಬಲಿಲ್ಲ. ಇವತ್ತಿಗೂ ನಂಬಿಲ್ಲ.

ಗ್ರೀಸು ಗಟ್ಟಿಯಾಗಬಾರದೆಂದು ಆಯುಧಪೂಜೆಯ ದಿನ ಅದನ್ನು ಒರೆಸಿ ಒಂದು ಸಲ ಎತ್ತಿ ಇಳಿಸುತ್ತೇನೆ. ಇವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬೆರಳು ಸುತ್ತಿಸುತ್ತಾರೆ. ಮೇಲೆ ಬೈಕಿಲ್ಲ. ಆದರೂ ಇಂಜಿನ್ನು ತಮ್ಮ ಎದೆಗೆ ಬರುತ್ತಿದ್ದ ಎತ್ತರಕ್ಕೆ ಸರಿಯಾಗಿ ಮುಷ್ಟಿ ಬಿಗಿಯುತ್ತಾರೆ. ನಾನು ತುಟಿ ಕಚ್ಚಿಕೊಂಡು, ಸದ್ದಿಲ್ಲದೆ ಏಳುತ್ತೇನೆ.