ಮರಳಿ ಬಂದ ಒಂಬೈನೂರು ರೂಪಾಯಿ

ಸೊಲ್ಲಾಪುರದ ಬಿಸಿಲಿನಲ್ಲಿ ಚಹಾ ಆರುವುದಕ್ಕೂ ಹೊತ್ತು ಬೇಕು. ಆದರೂ ಹೋದ ವರ್ಷವಿಡೀ ನಮ್ಮ ಮನೆಯ ಬೆಳಗಿನ ಚಹಾ ದಿನವೂ ಆರಿಹೋಗುತ್ತಿತ್ತು. ನಮ್ಮ ಯಜಮಾನರು ಒಂದು ಕೈಯಲ್ಲಿ ಚಹಾದ ಬಸಿ, ಇನ್ನೊಂದರಲ್ಲಿ ಮೊಬೈಲು ಹಿಡಿದು, ತಮ್ಮ ಕ್ರೆಡಿಟ್ ಕಾರ್ಡಿನಲ್ಲಿ ಕ್ಯಾಶ್‌ಬ್ಯಾಕ್ ಎಷ್ಟಾಯಿತೆಂದು ನೋಡುತ್ತ ಕೂತುಬಿಡುತ್ತಿದ್ದರು. ನಿನ್ನೆ ಇದ್ದಷ್ಟೇ ಇದ್ದರೆ ಒಂದು ನಿಟ್ಟುಸಿರು. ಹನ್ನೆರಡು ರೂಪಾಯಿ ಏರಿದ್ದರೆ ಆರಿದ ಚಹಾವೂ ಅಮೃತ.

ಅವರನ್ನು ನೋಡಿ ನಗಬೇಡಿ. ನಗುವ ಕೆಲಸವನ್ನು ನಾನು ಸಾಕಷ್ಟು ಮಾಡಿದ್ದೇನೆ. ಮೂವತ್ತು ವರ್ಷ ಟಾವೆಲ್, ಚಾದರಗಳ ಅಂಗಡಿಯಲ್ಲಿ ಕೂತು ಗಿರಾಕಿಗಳಿಗೆ ಬೆಲೆ ಇಳಿಸಿ ಇಳಿಸಿ ದಣಿದ ಮನುಷ್ಯನಿಗೆ, ತಾನು ಬಾಯಿ ತೆರೆಯುವ ಮೊದಲೇ ಯಾರೋ ಬೆಲೆ ಇಳಿಸಿ ಕೊಡುತ್ತಾರೆಂದರೆ ಆಗುವ ಸುಖ ದೊಡ್ಡದು. ಮರಳಿ ಬರುವ ಹಣಕ್ಕೆ ಅವರು ಮರುಳಾದದ್ದು ಹೀಗೆ. ಬರಬರುತ್ತ ನಮ್ಮ ಮನೆಯ ಖರೀದಿ ಅವರಿಗೆ ಸಾಲದಾಯಿತು. ನೆರೆಯವರ ಮಿಕ್ಸರ್, ಮೈದುನನ ಮೊಬೈಲು, ಯಾರದೋ ಮದುವೆಯ ಸೀರೆ, ಎಲ್ಲಕ್ಕೂ ಇವರದೇ ಕಾರ್ಡು. "ನೀವು ನನಗ ನಗದು ಕೊಡ್ರಿ, ನಾ ಕಾರ್ಡಿನ್ಯಾಗ ಕೊಡ್ತೀನಿ" ಎಂದು ಅಂಗಡಿ ಅಂಗಡಿ ಸುತ್ತಿದರು. ಅಕ್ಕಲಕೋಟೆಯಲ್ಲಿ ಖಾನಾವಳಿ ನಡೆಸುವ ಅವರ ಅಕ್ಕ, ಶಾಂತಕ್ಕ, ದೊಡ್ಡ ಫ್ರಿಜ್ಜು ಕೊಳ್ಳಲು ಸೊಲ್ಲಾಪುರಕ್ಕೆ ಬಂದಾಗ ಅವರ ಅರವತ್ತು ಸಾವಿರವೂ ಈ ಕಾರ್ಡಿನ ಮೂಲಕವೇ ಹಾದುಹೋಯಿತು. ಆ ಒಂದೇ ದಿನ ಒಂಬೈನೂರು ರೂಪಾಯಿ ಕ್ಯಾಶ್‌ಬ್ಯಾಕ್. ಅಂದು ರಾತ್ರಿ ಅವರು ಒಂದು ರೊಟ್ಟಿ ಹೆಚ್ಚಿಗೆ ಉಂಡರು.

ವರ್ಷ ತುಂಬಿದಾಗ ಬಂತು ನೋಡಿ ಸಂದೇಶ. ಮೊದಲ ವರ್ಷ ಪುಕ್ಕಟೆಯಿದ್ದ ಕಾರ್ಡಿಗೆ ಇನ್ನು ಮೇಲೆ ವರ್ಷಕ್ಕೆ ಐದು ಸಾವಿರ ಫೀಸು. ಕ್ಯಾಶ್‌ಬ್ಯಾಕ್ ಕೂಡಿದ್ದು ಮೂರು ಸಾವಿರದ ಆರುನೂರ ನಲವತ್ತು. ಯಜಮಾನರ ವ್ಯಾಪಾರಿ ರಕ್ತ ಕುದಿಯಿತು. ಆ ಕ್ಷಣವೇ ಕಾರ್ಡಿನ ಕಂಪನಿಗೆ ಫೋನು ಹಚ್ಚಿ, ತಮ್ಮ ಸೊಲ್ಲಾಪುರಿ ಹಿಂದಿಯಲ್ಲಿ ಕಾರ್ಡು ಬಂದ್ ಮಾಡಿರೆಂದು ಗರ್ಜಿಸಿದರು. ಆ ಕಡೆಯ ಹುಡುಗಿ ಏನೋ ಹೇಳಲು ಹೋದಳು, ಇವರು ಬಿಡಲಿಲ್ಲ. ಅವಳು ಮತ್ತೆ ಹೇಳಿದಳು. ಇವರು ಮತ್ತೆ ಗರ್ಜಿಸಿದರು. ಕೊನೆಗೆ ನನ್ನ ಕಡೆ ತಿರುಗಿ, "ಈಕಿಗೆ ಏನೂ ತಿಳಿವಲ್ದು ನೋಡು. ಬಂದ್ ಮಾಡು ಅಂದ್ರ ಬರೀ ಕ್ಯಾಶ್‌ಬ್ಯಾಕ್ ಕ್ಯಾಶ್‌ಬ್ಯಾಕ್ ಅನ್ನಾಕತ್ತಾಳ" ಎಂದರು.

"ನನಗ ತಿಳಿತದ್ರಿ ಕಾಕಾ," ಎಂದಿತು ಫೋನು, ಅಚ್ಚ ಕನ್ನಡದಲ್ಲಿ. "ನೀವೇ ಒಂದು ಮಾತು ಕೇಳವಲ್ರಿ."

ಯಜಮಾನರ ಕೈಯಿಂದ ಫೋನು ಜಾರುವುದೊಂದು ಬಾಕಿ. ಹುಡುಗಿಯ ತಾಯಿ ಇಂಡಿ ಕಡೆಯವರಂತೆ. ಇವರ ದನಿ ಒಮ್ಮೆಲೇ ಮೆತ್ತಗಾಯಿತು.

"ಇವತ್ತು ಬಂದ್ ಮಾಡಿದ್ರ ಒಳಗಿನ ಕ್ಯಾಶ್‌ಬ್ಯಾಕ್ ಎಲ್ಲಾ ಹೋಗ್ತದರಿ," ಎಂದು ಅವಳು ತಿಳಿಸಿ ಹೇಳಿದಳು. "ಮೊದ್ಲ ಅದನ್ನ ಕಾರ್ಡಿನ ಲೆಕ್ಕಕ್ಕ ಜಮಾ ಮಾಡಿಸ್ಕೋರಿ. ನಿಮ್ಮ ಬಿಲ್ ಎಲ್ಲಾ ಮುಟ್ಟೈತಿ, ಅದಕ್ಕ ಆ ರೊಕ್ಕ ನಿಮ್ಮ ಬ್ಯಾಂಕಿಗೆ ವಾಪಸ್ ಕೇಳಾಕ ಬರ್ತದ. ಅದು ಬಂದ ಮ್ಯಾಲೆ ಬಂದ್ ಮಾಡೂಣು."

"ಅಲ್ಲವ್ವಾ, ಗಳಿಸಿದ್ದು ನಾನು. ಅದು ನಂದಲ್ಲೇನು?"

"ತಗೊಂಡ್ರ ನಿಮ್ದರಿ ಕಾಕಾ. ಬಿಟ್ಟು ಹೋದ್ರ ನಮ್ದು."

ಆ ಹುಡುಗಿಯ ಮಾತು ನನ್ನ ತಲೆಯಲ್ಲಿ ಬಹಳ ದಿನ ಸುಳಿದಾಡಿತು. ಗಳಿಸಿದೆವೆಂದು ನಾವು ಬೀಗುವ ಎಷ್ಟೋ ಸಂಗತಿಗಳು ಹೀಗೆಯೇ ಎಲ್ಲೋ ಒಂದು ಪರದೆಯ ಮೇಲೆ ಅಂಕಿಯಾಗಿ ಕೂತಿರುತ್ತವೆ. ಕೈಚಾಚಿ ತೆಗೆದುಕೊಳ್ಳದೆ ಬಾಗಿಲು ಹಾಕಿಕೊಂಡು ಬಂದರೆ ಅವು ನಮ್ಮವಾಗುವುದೇ ಇಲ್ಲ. ಅದಿರಲಿ. ಅವಳು ಹೇಳಿದಂತೆಯೇ ಮಾಡಿದೆವು. ಎಂಟು ದಿನಕ್ಕೆ ಹಣ ಬ್ಯಾಂಕಿಗೆ ಬಂತು, ಕಾರ್ಡು ಬಂದಾಯಿತು. ಬಟ್ಟೆ ಕತ್ತರಿಸುವ ಕತ್ತರಿಯಿಂದ ಯಜಮಾನರು ಅದನ್ನು ಎರಡು ತುಂಡು ಮಾಡಿದರು.

ಆಗ ನಾನು ಕೇಳಬಾರದ್ದನ್ನು ಕೇಳಿದೆ. "ಇದರಾಗ ಶಾಂತಕ್ಕಾರ ಒಂಬೈನೂರು ಅದಾವಲ್ರಿ?"

ಎರಡು ದಿನ ಅವರು ನನ್ನ ಮೇಲೆ ಸಿಡುಕುತ್ತಲೇ ಇದ್ದರು. ಮೂರನೆಯ ದಿನ, "ಐತವಾರ ಅಕ್ಕನ ಕಡೆ ಹೋಗೂಣು" ಎಂದರು. ಅಕ್ಕಲಕೋಟೆಯ ಬಸ್ಸಿನಲ್ಲಿ ಕೂತ ಯಜಮಾನರ ಮುಖದಲ್ಲಿ ದಾನಶೂರನ ಕಳೆಯಿತ್ತು. ಅಕ್ಕ ಬೇಡವೆನ್ನುತ್ತಾಳೆ, ತಾನು ಒತ್ತಾಯಿಸುತ್ತೇನೆ, ಅವಳು ಮತ್ತೆ ಬೇಡವೆನ್ನುತ್ತಾಳೆ, ಕೊನೆಗೆ ಹಣ ಮರಳಿ ತನ್ನ ಕಿಸೆಗೇ ಬರುತ್ತದೆ: ಇಷ್ಟೆಲ್ಲ ಅವರು ದಾರಿಯಲ್ಲೇ ಮುಗಿಸಿಕೊಂಡಿದ್ದರೆಂದು ನನ್ನ ಗುಮಾನಿ.

ಊರಿನ ಮಠಕ್ಕೆ ಬಂದ ಭಕ್ತರ ಪಂಕ್ತಿ ಉಂಡು ಎದ್ದು, ಖಾನಾವಳಿ ಖಾಲಿಯಾದ ಮೇಲೆ ಶಾಂತಕ್ಕ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಬಂದು ಕೂತರು. ಯಜಮಾನರು ಕಥೆಯನ್ನೆಲ್ಲ ಹೇಳಿ ಒಂಬೈನೂರರ ಲಕೋಟೆ ಮುಂದಿಟ್ಟರು. ಶಾಂತಕ್ಕ ಒಮ್ಮೆಯೂ ಬೇಡವೆನ್ನದೆ ಅದನ್ನು ತೆಗೆದು, ಎಣಿಸಿ, ಸೊಂಟದ ಚೀಲಕ್ಕೆ ಸೇರಿಸಿದರು. ಆ ಹೊತ್ತಿನ ನಮ್ಮವರ ಮುಖವನ್ನು ನೀವು ನೋಡಬೇಕಿತ್ತು.

"ಹಂಗಾದ್ರ ಇನ್ನ ಹನ್ನೊಂದುನೂರು ಉಳೀತು ನೋಡು ಮಲ್ಲೂ," ಎಂದರು ಶಾಂತಕ್ಕ.

"ಯಾವ ಹನ್ನೊಂದುನೂರು?"

"ನಗದು ಕೊಟ್ರ ಎರಡು ಸಾವಿರ ಬಿಡ್ತೀನಿ ಅಂದಿದ್ದ ಫ್ರಿಜ್ಜಿನ ಅಂಗಡಿಯಾವ. ನೀ ಹೊರಗ ಟೆಂಪೋದವನ ಸಂಗಾಟ ಮಾತಾಡಾಕ ಹೋಗಿದ್ದಿ. ಒಳಗ ಬಂದಾವನೇ ಕಾರ್ಡ್ ತಗದು ಕೌಂಟರಿನ ಮ್ಯಾಲ ಇಟ್ಟಿ."

"ಅಯ್ಯ! ಹೇಳಬಾರ್ದೇನಕ್ಕಾ?"

"ಹ್ಯಾಂಗ ಹೇಳ್ಲಿ?" ಶಾಂತಕ್ಕನ ದನಿ ತಗ್ಗಿತು. "ಅದೇ ಅಂಗಡ್ಯಾಗ ಅಪ್ಪ ಒಂದು ಫ್ಯಾನ್ ಉದ್ರಿ ಕೇಳಿದ್ದ. ನೀ ಇನ್ನೂ ತೊಟ್ಟಿಲದಾಗ ಇದ್ದಿ, ಸೆಕಿಗೆ ರಾತ್ರಿಯೆಲ್ಲಾ ಅಳ್ತಿದ್ದಿ. ಮಾಲಕ ತಲಿ ಸೈತ ಎತ್ತಲಿಲ್ಲ, ಕೊಡೂದಿಲ್ಲ ಅಂದ. ನಾ ಅಪ್ಪನ ಕೈ ಹಿಡ್ಕೊಂಡು ನಿಂತಿದ್ದೆ. ಈಗ ಅವನ ಮಗ ನಿನ್ನ ಕಾರ್ಡ್ ನೋಡಿ ಎದ್ದು ನಿಂತು, ಬರ್ರಿ ಶೇಟಜೀ ಅಂದ. ಎರಡು ಸಾವಿರಕ್ಕ ಅಷ್ಟು ನೋಡಾಕ ಸಿಕ್ತು. ಸಸ್ತಾ ಆತು."

ಯಜಮಾನರು ತಡಬಡಿಸಿ ಕಿಸೆಗೆ ಕೈಹಾಕಿದರು. ಶಾಂತಕ್ಕ ಆ ಕೈಯ ಮೇಲೆ ಪಟ್ಟನೆ ಒಂದು ಕೊಟ್ಟರು.

"ಒಂಬೈನೂರು ಕೊಟ್ಟಿ, ತಗೊಂಡೆ. ಈ ಹನ್ನೊಂದುನೂರು ವಾಪಸ್ ಕೊಡಬ್ಯಾಡ. ಇದು ನಾ ಖುಷಿಗೆ ಖರ್ಚ್ ಮಾಡಿದ್ದು. ಏಳು, ಕೈ ತೊಳ್ಕೋ, ಊಟಕ್ಕ ಬಡಸ್ತೀನಿ."

ಮರಳಿ ಬರುವಾಗ ಬಸ್ಸು ಕುಂಭಾರಿ ಊರು ದಾಟಿತು. ಆಮೇಲೆ, ನನ್ನನ್ನು ದಾಟಿ ಕಿಟಕಿಯ ಹೊರಗೆ ನೋಡುತ್ತಲೇ, "ಅಪ್ಪ ಫ್ಯಾನ್ ಕೇಳಾಕ ಹೋಗಿದ್ದು ನನಗ ಯಾರೂ ಹೇಳೇ ಇಲ್ಲ" ಎಂದರು.

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರನ್ನು ಕಾಡಿಸಲು ಇಷ್ಟು ಒಳ್ಳೆಯ ಅವಕಾಶ ನನಗೆ ಸಿಕ್ಕಿರಲಿಲ್ಲ. ದಾನಶೂರರು ದಾನ ಪಡೆದು ಬಂದರೆಂದು ಅಂದುಬಿಡಬಹುದಿತ್ತು. ಅನ್ನಲಿಲ್ಲ. ಎದ್ದು ಕಿಟಕಿಯ ಪಕ್ಕದ ನನ್ನ ಸೀಟನ್ನು ಅವರಿಗೆ ಬಿಟ್ಟುಕೊಟ್ಟೆ.