ಕೂತಲ್ಲೇ ವಾಪಸು ಬರುವ ಬಸ್ಸು

ಕಣ್ಣಿನ ಶಿಬಿರಕ್ಕೆ ಸ್ವಯಂಸೇವಕಿಯಾಗಿ ನೇಪಾಳಕ್ಕೆ ಹೋಗುತ್ತೇನೆ ಎಂದಾಗ ಗಂಡ ಚಹಾ ಕುಡಿಯುತ್ತಲೇ ನಕ್ಕರು. "ನೇಪಾಳ ಎಂತ ಫಾರಿನ್ ಮಾರಾಯ್ತಿ? ಅಲ್ಲಿಯವರೇ ಅಲ್ವಾ ನಮ್ಮ ಸೊಸೈಟಿಯ ಗೇಟು ಕಾಯುದು!" ಮಗಳು ಎಂದಿನಂತೆ ಹಿಂದಿಯಲ್ಲಿ, "ಮಮ್ಮಿ, ಪಾಸ್‌ಪೋರ್ಟ್ ಭೀ ನಹೀ ಲಗತಾ," ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಪಾಸ್‌ಪೋರ್ಟ್ ಬೇಡವಾದರೇನು, ಗಡಿ ದಾಟಿದರೆ ವಿದೇಶವೇ ಎಂದು ಹೇಳಿ ಬಟ್ಟೆ ತುಂಬಿಕೊಂಡೆ.

ನಾನು ದಿನಾ ಡೊಂಬಿವಲಿಯಿಂದ ಠಾಣೆ ನಗರಕ್ಕೆ ಲೋಕಲ್ ರೈಲು ಹಿಡಿದು, ಅಲ್ಲಿಂದ ಮಹಾಪೆಯ ಕಚೇರಿಗೆ ಹೋಗುವವಳು. ನಮ್ಮೂರಿನವರಿಗೆ ಒಂದು ವಿದ್ಯೆ ಗೊತ್ತು. ಬೆಳಗ್ಗೆ ಠಾಣೆಯ ಕಡೆಗೆ ಹೋಗುವ ಗಾಡಿಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಅದಕ್ಕೆ ನಾವು ಉಲ್ಟಾ ದಿಕ್ಕಿನಲ್ಲಿ ಕಲ್ಯಾಣಕ್ಕೆ ಹೋಗುವ ಗಾಡಿ ಹತ್ತಿ ಸೀಟು ಹಿಡಿಯುತ್ತೇವೆ. ಕಲ್ಯಾಣದಲ್ಲಿ ಅದೇ ಗಾಡಿ ತಿರುಗಿ ಹೊರಟಾಗ ನಾವು ಕೂತಲ್ಲೇ ಠಾಣೆ ಸೇರುತ್ತೇವೆ, ಅವರೆಕಾಯಿ ಸುಲಿಯುತ್ತಾ.

ನೇಪಾಳದ ಆ ಗುಡ್ಡದ ಹಳ್ಳಿಯಲ್ಲಿ ಕಣ್ಣಿನ ತಪಾಸಣೆ ಮುಗಿದಿತ್ತು. ಕೆಳಗಿನ ಪಟ್ಟಣದಲ್ಲಿ ತಯಾರಾದ ಕನ್ನಡಕಗಳನ್ನು ತರುವ ಕೆಲಸ ನನ್ನ ಪಾಲಿಗೆ ಬಂತು. ಅಂದೇ ಮಧ್ಯಾಹ್ನ ಹಂಚಬೇಕು, ಮರುದಿನ ಶಿಬಿರ ಬೇರೆಡೆಗೆ ಹೊರಡುತ್ತದೆ. ಕಾಯುವವರಲ್ಲಿ ಒಬ್ಬ ಅಜ್ಜಿ ಇದ್ದಳು. ತಪಾಸಣೆಯ ದಿನ ನನಗೆ ಉಪ್ಪುಖಾರ ಹಚ್ಚಿದ ಸೌತೆಕಾಯಿ ಕೊಟ್ಟವಳು. ಕಣ್ಣು ಮಂಜಾದ ಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸಲಾಗದೆ, ಮೊರ ಸೊಸೆಯ ಕೈಗೆ ಹೋಗಿದೆ ಎಂದು ದುಃಖಪಟ್ಟಿದ್ದಳು. ಅವಳ ಮನೆ ಇನ್ನೂ ಮೇಲೆ, ಕತ್ತಲಾಗುವುದರೊಳಗೆ ನಡೆದು ಮುಟ್ಟಬೇಕು.

ಪೆಟ್ಟಿಗೆ ಹಿಡಿದು ಪಟ್ಟಣದ ಸ್ಟ್ಯಾಂಡಿಗೆ ಬಂದರೆ ಹಳ್ಳಿಯ ಬಸ್ಸು ತುಂಬಿ ತುಳುಕುತ್ತಿತ್ತು. ಪಕ್ಕದಲ್ಲೇ ಹಳ್ಳಿಯಿಂದ ಇಳಿದು ಬಂದ ಇನ್ನೊಂದು ಬಸ್ಸು, ಅರ್ಧ ಖಾಲಿ, ಮುಂದಿನ ಪೇಟೆಯ ಕಡೆಗೆ ಹೊರಟಿತ್ತು. ನನ್ನ ಡೊಂಬಿವಲಿ ಬುದ್ಧಿ ಎಚ್ಚರಗೊಂಡಿತು. ಆ ಪೇಟೆಯೇ ಇದರ ಕಲ್ಯಾಣ, ಅಲ್ಲಿ ತಿರುಗಿ ವಾಪಸು ಬರುತ್ತದೆ! ಯಾರನ್ನೂ ಕೇಳದೆ ಹತ್ತಿ ಕಿಟಕಿಯ ಪಕ್ಕ ಕೂತೆ. ನಿಂತೇ ಹೊರಟ ಜನರನ್ನು ನೋಡಿ ಪಾಪ ಅಂತಲೂ ಅನ್ನಿಸಿತು.

ಪೇಟೆಯಲ್ಲಿ ಎಲ್ಲರೂ ಇಳಿದರು. ನಾನು ಕೂತೇ ಇದ್ದೆ. ಕಂಡಕ್ಟರ್ ಬಂದು, "ದೀದಿ, ಉತರೋ. ಯೇ ಬಸ್ ಕಲ್ ವಾಪಸ್ ಜಾಯೇಗಾ," ಎಂದ. ಬಸ್ಸು ವಾಪಸು ಹೋಗುವುದು ನಾಳೆಯಂತೆ!

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಒಂದು ಗಳಿಗೆ ಅಳು ಬಂತು. ಆದರೆ ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾಬ್ಲಾಕಿನ ಭಾನುವಾರಗಳನ್ನು, ದಿವಾ ಮುಂಬ್ರಾ ಸ್ಟೇಷನ್ನುಗಳ ನಡುವೆ ಮಳೆನೀರಲ್ಲಿ ನಿಂತ ಗಾಡಿಗಳನ್ನು ಕಂಡವಳು ನಾನು. ಅತ್ತರೆ ಯಾವ ಗಾಡಿಯೂ ಹೊರಡುವುದಿಲ್ಲ. ಕೂತು ಚಹಾ ಕುಡಿದೆ, ಚಹಾದಂಗಡಿಯವಳನ್ನು ವಿಚಾರಿಸಿದೆ. ಈ ದಿನ ಹಳ್ಳಿಗೆ ಹೋಗುವ ಬಸ್ಸು ಇನ್ನೊಂದೇ ಇದೆ ಎಂದಳು.

ಅದು ಬಂದಾಗ ಬಾಗಿಲಲ್ಲೇ ಜನ ಜೋತುಬಿದ್ದಿದ್ದರು. ಕಂಡಕ್ಟರ್ ಜಾಗವಿಲ್ಲವೆಂದು ಕೈಯಾಡಿಸಿದ. ನಾನು ಯೋಚಿಸಲೇ ಇಲ್ಲ. ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಮಾಡುವಂತೆ, ಕಿಟಕಿಯ ಬಳಿ ಕೂತ ಹೆಂಗಸಿನ ಮಡಿಲಿಗೆ ಹೊರಗಿನಿಂದಲೇ ಪೆಟ್ಟಿಗೆ ಇಟ್ಟುಬಿಟ್ಟೆ. ನಮ್ಮಲ್ಲಿ ಬ್ಯಾಗು ಒಳಗೆ ಹೋದರೆ ಮನುಷ್ಯ ಒಳಗೆ ಹೋದ ಲೆಕ್ಕ. ಬಸ್ಸು ಹೊರಟೇಬಿಟ್ಟಿತು! ನಾನು ಹಿಂದೆಯೇ ಓಡಿದೆ. ಒಳಗಿದ್ದ ಹೆಂಗಸರು ಒಂದೇ ಸಮನೆ ಕೂಗಿ, ಬಸ್ಸಿನ ತಗಡು ಬಡಿದರು. ಬಸ್ಸು ನಿಂತಿತು. ಯಾರದೋ ಕೈ ನನ್ನ ರಟ್ಟೆ ಹಿಡಿದು ಒಳಗೆಳೆಯಿತು. ಒಂದು ಆಡಿನ ಪಕ್ಕದಲ್ಲಿ, ಹುಲ್ಲಿನ ಹೊರೆಗೆ ಒರಗಿ, ಧೂಳು ತಿನ್ನುತ್ತಾ ಹಳ್ಳಿ ಸೇರಿದೆ. ದಾರಿಯುದ್ದಕ್ಕೂ ಆ ಹೆಂಗಸರಿಗೆ ನನ್ನ ಪೆದ್ದುತನದ ಕಥೆ ಹೇಳಿ ನಗಿಸಿದೆ.

ಶಿಬಿರವಿದ್ದ ಶಾಲೆಯ ಅಂಗಳದಿಂದ ಬಹಳ ಜನ ಎದ್ದುಹೋಗಿದ್ದರು. ಅವರ ಕನ್ನಡಕಗಳನ್ನು ಆಮೇಲೆ ನೆರೆಯವರು ಒಯ್ದರು. ಆದರೆ ಅಜ್ಜಿ ಇನ್ನೂ ಕೂತಿದ್ದಳು. ನಾನೇ ಅವಳ ಮೂಗಿನ ಮೇಲೆ ಕನ್ನಡಕ ಏರಿಸಿದೆ. ಅವಳು ಗುಡ್ಡ ನೋಡಲಿಲ್ಲ, ಆಕಾಶ ನೋಡಲಿಲ್ಲ. ನನ್ನ ಮುಖ ನೋಡಿ ಕಿಸಕ್ಕನೆ ನಕ್ಕಳು. ಅಷ್ಟು ಧೂಳು! ಆಮೇಲೆ ಎರಡು ಬೆರಳಿಂದ ನನ್ನ ತಲೆಗೂದಲಿನ ಹುಲ್ಲಿನ ಎಳೆಗಳನ್ನು ಒಂದೊಂದಾಗಿ ಆರಿಸತೊಡಗಿದಳು, ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ, ಒಂದನ್ನೂ ಬಿಡದೆ. ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು. ಅವಳು ಬೆಳಕಿರುವಾಗಲೇ ಮೇಲಕ್ಕೆ ಹೊರಟಳು.

ಅಜ್ಜಿ ಹುಲ್ಲು ಆರಿಸುವಾಗ ಯಾರೋ ತೆಗೆದ ಫೋಟೋವನ್ನು ನಮ್ಮ ರೈಲಿನ ಗೆಳತಿಯರಿಗೆ ಕಥೆಯ ಸಮೇತ ಕಳಿಸಿದ್ದೆ. ಊರಿಗೆ ಬಂದು ಮೊದಲ ದಿನ ಕಲ್ಯಾಣದ ಗಾಡಿ ಹತ್ತಿದಾಗ, ಕಿಟಕಿಯ ಸೀಟನ್ನು ಯಾರಿಗೂ ಬಿಡದ ಹುಬ್ಬಳ್ಳಿಯ ಗೆಳತಿ ಎದ್ದು ನಿಂತಳು. "ಕೂಡ್ರವಾ. ಇದು ವಾಪಸ್ ಹೊಕ್ಕೈತಿ, ಕೇಳೇ ಬಂದೀನಿ," ಎಂದಳು. ಡಬ್ಬಿಗೆ ಡಬ್ಬಿಯೇ ನಕ್ಕಿತು. ನಾನು ಬೇಡವೆನ್ನಲಿಲ್ಲ. ಠಾಣೆಯವರೆಗೂ ಕೂತೇ ಹೋದೆ.