ಗಿರೀಶಣ್ಣನ ರಷ್ಯನ್

ಅಮೆರಿಕದ ಪ್ಲೆಸೆಂಟನ್ನಿನಲ್ಲಿ ಶಿವಾನಂದ ಅವರ ಮನೆಯ ಬಾಗಿಲು ತೆರೆದ ಕೂಡಲೇ ಸಬ್ಬಸಿಗೆ ಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಅವರ ಹೆಂಡತಿ ಮಂಗಲಾ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಈ ವಾಸನೆಗೆ ನಿಮಗೆ ತವರು ನೆನಪಾಗಬಹುದು, ನನಗೆ ರಷ್ಯಾ ನೆನಪಾಗುತ್ತದೆ. ಆ ದೇಶದಲ್ಲಿ ಸಬ್ಬಸಿಗೆ ಬೀಳದ ಪಾತ್ರೆಯಿಲ್ಲ. ಸೂಪಿಗೆ, ಆಲೂಗಡ್ಡೆಗೆ, ಮೀನಿಗೆ, ಕೊನೆಗೆ ಚಿಪ್ಸಿನ ಪೊಟ್ಟಣಕ್ಕೂ ಅದೇ. ಹುಬ್ಬಳ್ಳಿಯಿಂದ ವೈದ್ಯಕೀಯ ಓದಲು ಹೋಗಿ ಆರು ವರ್ಷ ಅದನ್ನು ತಿಂದು, ಈಗ ಸಾಂಟಾ ಕ್ಲಾರಾದಲ್ಲಿ ಮಕ್ಕಳಿಗೆ ಔಷಧಿ ಬರೆದುಕೊಡುತ್ತಿರುವವಳು ನಾನು.

ಆ ಶನಿವಾರ ಬೆಳಗಿನ ತಿಂಡಿಗೆ ಕರೆದಿದ್ದೂ ಅದಕ್ಕೇ. ರಾಣೆಬೆನ್ನೂರಿನಲ್ಲಿರುವ ಶಿವಾನಂದ ಅವರ ತಂಗಿಯ ಮಗಳು ಅನುಷಾಗೆ ರಷ್ಯಾದ ಕಾಲೇಜಿನಲ್ಲಿ ಸೀಟು ಸಿಗುವುದಿತ್ತು. ಕಳಿಸಬೇಕೋ ಬೇಡವೋ ಎಂದು ಮನೆಯವರಿಗೆ ಚಿಂತೆ. ಹೋಗಿ ಬಂದವರು ವಿಡಿಯೋ ಕಾಲಿನಲ್ಲಿ ಹುಡುಗಿಗೆ ನಾಲ್ಕು ಮಾತು ಹೇಳಲಿ ಎಂಬುದು ಮಾವನ ಆಸೆ.

"ಬರ್ರಿ ಡಾಕ್ಟರ್. ಇವರೂ ನಿಮ್ಮಂಗ ರಷ್ಯಾದಾಗ ಓದಿದವ್ರು, ಗಿರೀಶ್ ಅಂತ. ಈಗ ಕ್ಯುಪರ್ಟಿನೋದಾಗ ಕನ್ಸಲ್ಟನ್ಸಿ ಇಟ್ಟಾರ, ಹುಡುಗ್ರನ್ನ ಫಾರಿನ್ನಿಗೆ ಕಳಸ್ತಾರ. ಪರಿಚಯ ಐತೇನ್ರಿ?" ಎಂದು ಕೇಳಿದರು ಶಿವಾನಂದ.

ಸೋಫಾದ ನಡುಮಧ್ಯೆ ಕೂತಿದ್ದ ವ್ಯಕ್ತಿ ಎರಡೂ ಕೈ ಜೋಡಿಸಿ ನಕ್ಕ. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ನಗು ಮಾತ್ರ ಹಾಗೇ ಇತ್ತು.

ಪರಿಚಯವೇ? ಕೇಳಿ, ಹೇಳುತ್ತೇನೆ.

ನಮ್ಮ ಹಾಸ್ಟೆಲು ವೋಲ್ಗಾ ದಂಡೆಯ ಒಂದು ಊರಿನಲ್ಲಿತ್ತು. ಹೊರಗೆ ಕಣ್ಣಿನ ರೆಪ್ಪೆ ಅಂಟಿಕೊಳ್ಳುವ ಚಳಿ. ಒಳಗೆ ಬಿಸಿನೀರಿನ ಕೊಳವೆಗಳ ಸೆಕೆಗೆ ಹುಡುಗರು ಬನಿಯನ್ನಿನಲ್ಲಿ ಓಡಾಡುತ್ತಿದ್ದರು. ಮೊಸರನ್ನು ಚೀಲಕ್ಕೆ ಹಾಕಿ ಕಿಟಕಿಯಾಚೆ ತೂಗುಬಿಟ್ಟರೆ ಅದೇ ಫ್ರಿಜ್ಜು. ಮೂರನೆಯ ಮಹಡಿ ಪೂರ್ತಿ ನಮ್ಮ ಕಡೆಯವರದು, ಅದರ ಪಾಳೇಗಾರ ತುಮಕೂರಿನ ಗಿರೀಶಣ್ಣ. ನಮಗಿಂತ ಎರಡು ವರ್ಷ ಮುಂದಿದ್ದ. ಮೆಸ್ಸು ಅವನದು. ಯಾರ ತಾಯಿ ಫೋನು ಮಾಡಿದರೂ ಉತ್ತರ ಅವನದು: "ಆಂಟಿ, ನೀವೇನೂ ಯೋಚ್ನೆ ಮಾಡ್ಬೇಡಿ, ಇಲ್ಲಿ ನಾನಿದೀನಲ್ಲ."

ಹೊಸಬರಿಗೆ ಅವನ ಮೊದಲ ಉಪದೇಶವೂ ನೆನಪಿದೆ. "ಇವ್ರ ಹತ್ರ ಜಾಸ್ತಿ ಮಾತಾಡೋಕೆ ಹೋಗ್ಬೇಡಿ. ಇವ್ರಿಗೆ ಸಂಸ್ಕಾರ ಇಲ್ಲ." ಇವರು ಎಂದರೆ ರಷ್ಯನ್ನರು, ಅವರದೇ ದೇಶದಲ್ಲಿ! ಪಾಠ ಇಂಗ್ಲಿಷಿನಲ್ಲಿ, ಊಟ ಕನ್ನಡದಲ್ಲಿ, ಜಗಳ ಎರಡರಲ್ಲೂ. ರಷ್ಯನ್ ಬೇಕಾಗುತ್ತಿದ್ದದ್ದು ಆಲೂಗಡ್ಡೆ ಕೊಳ್ಳುವಾಗ ಮಾತ್ರ, ಅದಕ್ಕೂ ಬೆರಳು ತೋರಿಸಿದರೆ ನಡೆಯುತ್ತಿತ್ತು. ಸಮುದ್ರ ಪರ್ವತ ದಾಟಿ ಹೋಗಿ ತುಮಕೂರಿನ ಮೆಸ್ಸಿನಲ್ಲಿ ಆರು ವರ್ಷ ಕೂರುವುದಕ್ಕೆ ವೀಸಾ ಯಾಕೆ ಬೇಕು, ನೀವೇ ಹೇಳಿ.

ಇದೇನು ರಷ್ಯಾಕ್ಕೆ ಮೀಸಲಾದ ರೋಗವಲ್ಲ. ಎಲ್ ಕಮೀನೋ ರಸ್ತೆಯ ನಮ್ಮವರ ಅಂಗಡಿಗಳಲ್ಲೇ ಅರ್ಧ ಆಯುಷ್ಯ ಸವೆಸಿ, ಅಮೆರಿಕನ್ನರ ಸ್ವಭಾವದ ಮೇಲೆ ಭಾಷಣ ಬಿಗಿಯುವವರು ಇಲ್ಲೂ ಬೇಕಾದಷ್ಟಿದ್ದಾರೆ. ಪಕ್ಕದ ಮನೆಯವನ ಹೆಸರು ಅವರಿಗೆ ಗೊತ್ತಿರುವುದಿಲ್ಲ. ನನಗೆ ಗೊತ್ತಿದೆಯೇ? ಆ ಮಾತು ಬಿಡಿ.

ನನ್ನ ರೂಮಿನಲ್ಲಿದ್ದವಳು ಕಾರ್ಕಳದ ರೇವತಿ. ರಷ್ಯಾದಲ್ಲಿ ಕಾಲೇಜಿನೊಳಗೆ ಚಳಿಕೋಟು ತೊಟ್ಟು ಹೋಗುವಂತಿಲ್ಲ, ಬಾಗಿಲ ಬಳಿ ಕೊಟ್ಟು ಹೋಗಬೇಕು. ಕೊಕ್ಕೆಗೆ ಸಿಕ್ಕಿಸಲು ಕೋಟಿನ ಕತ್ತಿನ ಹಿಂದೆ ಒಂದು ಕುಣಿಕೆ ಇರಬೇಕು. ನಮ್ಮ ಕೋಟುಗಳ ಕುಣಿಕೆ ಯಾವತ್ತೂ ಕಿತ್ತಿರುತ್ತಿತ್ತು. ಕೋಟು ತೆಗೆದುಕೊಳ್ಳುವ ಮುದುಕಿ ನೀನಾ ಪಾವ್ಲೊವ್ನಾ ದಿನವೂ ಬೈಯುತ್ತಿದ್ದಳು. ನಾವು ಹಲ್ಲು ಕಿರಿದು ಒಳಗೆ ಹೋಗುತ್ತಿದ್ದೆವು. ರೇವತಿ ನಿಂತಳು.

"ಎಂತ ಬೈತಾಳೆ ಅಂತ ಗೊತ್ತಾಗ್ಬೇಕಲ್ಲ ಮಾರಾಯ್ತಿ. ಅರ್ಥ ಆಗದೆ ಬೈಸಿಕೊಂಡ್ರೆ ಎಂತ ಲಾಭ?"

ಕ್ಲಾಸು ಮುಗಿದ ಮೇಲೆ ಮುದುಕಿಯ ಪಕ್ಕದಲ್ಲಿ ಕೂತು ಕುಣಿಕೆ ಹೊಲಿಯುತ್ತಾ ಭಾಷೆ ಕಲಿಯತೊಡಗಿದಳು. ವಸಂತ ಬರುವಷ್ಟರಲ್ಲಿ ಇಬ್ಬರೂ ಸೇರಿ ಇಡೀ ಕಾಲೇಜನ್ನು ಆಡಿಕೊಳ್ಳುತ್ತಿದ್ದರು. ಭಾನುವಾರ ಮುದುಕಿಯ ಹಳ್ಳಿಮನೆಗೆ ಹೋಗಿ ಆಲೂಗಡ್ಡೆ ನೆಟ್ಟು, ಉಪ್ಪಿನಲ್ಲಿಟ್ಟ ಸೌತೆಕಾಯಿಯ ಭರಣಿ ಹೊತ್ತು ಬರುತ್ತಿದ್ದಳು.

ಮೆಸ್ಸಿನಲ್ಲಿ ಅವಳಿಗೆ 'ಕೋಟಿನ ಆಯಾ' ಎಂದು ಹೆಸರಾಯಿತು. ಅಷ್ಟಕ್ಕೇ ನಿಂತಿದ್ದರೆ ಸರಿ. ಗಿರೀಶಣ್ಣ ಕಾರ್ಕಳಕ್ಕೆ, ಅವಳ ಅಣ್ಣನಿಗೆ ಫೋನು ಹಚ್ಚಿದ. "ನಿಮ್ ತಂಗಿ ಭಾನ್ವಾರ ಬೆಳಗ್ಗೆ ಹೋದ್ರೆ ಸಾಯಂಕಾಲ ಬರೋದು. ಯಾರ ಜೊತೆ ಅಂತ ನನ್ ಬಾಯಲ್ಲಿ ಹೇಳಿಸ್ಬೇಡಿ." ಪರೀಕ್ಷೆ ಮುಗಿದ ಕೂಡಲೇ ಗಂಟುಮೂಟೆ ಕಟ್ಟಿಕೊಂಡು ಬಾ, ಓದಿದ್ದು ಸಾಕು ಎಂದು ಅಣ್ಣ ಅಪ್ಪಣೆ ಮಾಡಿದ.

ರೇವತಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆಮೇಲೆ ಎದ್ದಳು, ಮುಖ ತೊಳೆದಳು, ಕಾಲೇಜಿಗೆ ಹೋಗಿ ನೀನಾ ಪಾವ್ಲೊವ್ನಾಳನ್ನು ಕೋಟುಗಳ ನಡುವೆ ಕೂರಿಸಿ ಅಮ್ಮನಿಗೆ ವಿಡಿಯೋ ಕಾಲು ಮಾಡಿದಳು. ಈಚೆಯಿಂದ ರಷ್ಯನ್, ಆಚೆಯಿಂದ ತುಳು. ನಡುವೆ ರೇವತಿ ಅನುವಾದ ಮಾಡುತ್ತಿದ್ದಳು. ಸ್ವಲ್ಪ ಹೊತ್ತಿನ ನಂತರ ಅವಳ ಅಗತ್ಯವೂ ಬೀಳಲಿಲ್ಲ, ಇಬ್ಬರು ಮುದುಕಿಯರೂ ತಮ್ಮ ಮಂಡಿನೋವನ್ನು ಕ್ಯಾಮೆರಾಕ್ಕೆ ತೋರಿಸಿಕೊಳ್ಳುತ್ತಿದ್ದರು. ಕೊನೆಗೆ ಅಮ್ಮ ಅಂದರಂತೆ, "ಅಣ್ಣನಿಗೆ ನಾನು ಹೇಳ್ತೇನೆ. ನೀನು ಓದು."

ಆ ಮಧ್ಯಾಹ್ನ ರೇವತಿ ಮೆಸ್ಸಿಗೆ ಹೋಗಿ ಎಲ್ಲರ ಮುಂದೆ ತಟ್ಟೆ ಕೆಳಗಿಟ್ಟಳು. "ಗಿರೀಶಣ್ಣ, ನಿಮ್ಮ ಸಾರು ನನಗೆ ಬೇಡ. ನನ್ನ ಮನೆಗೆ ಫೋನು ಮಾಡುವುದೂ ಬೇಡ." ಅವಳ ಹಿಂದೆ ನಾನೂ ಎದ್ದೆ. ಧೈರ್ಯದಿಂದ ಎದ್ದೆ ಎಂದುಕೊಳ್ಳಬೇಡಿ, ಆ ಸಾರು ನಿಜಕ್ಕೂ ಬಾಯಿಗಿಡುವ ಹಾಗಿರಲಿಲ್ಲ.

ಮುಂದಿನ ಚಳಿಗಾಲದಲ್ಲಿ ಗಿರೀಶಣ್ಣ ಹಾಸ್ಟೆಲಿನ ಗೇಟಿನೆದುರು ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡ. ಆಸ್ಪತ್ರೆಯಲ್ಲಿ ಡಾಕ್ಟರು ಏನು ಕೇಳಿದರೂ "ಯೆಸ್, ಯೆಸ್" ಅನ್ನುತ್ತಿದ್ದನಂತೆ. ಎರಡೂ ಕಾಲು ಮುರಿದಿದೆಯೇ ಎಂದು ಕೇಳಿದಾಗಲೂ ಯೆಸ್. ಕೊನೆಗೆ ಕರೆಸಿದ್ದು ಯಾರನ್ನು? ರೇವತಿಯನ್ನು. ಜೊತೆಗೆ ನಾನೂ ಹೋದೆ.

"ಈ ಹುಡುಗ ಎಷ್ಟು ವರ್ಷದಿಂದ ಇಲ್ಲಿದ್ದಾನೆ?" ಎಂದು ಡಾಕ್ಟರು ಕೇಳಿದರು.

"ಇದು ನಾಲ್ಕನೇ ವರ್ಷ."

"ಇಷ್ಟು ದಿನ ಇವನನ್ನು ಎಲ್ಲಿ ಬಚ್ಚಿಟ್ಟಿದ್ದಿರಿ?"

ಪ್ಲಾಸ್ಟರು ಬಿಚ್ಚುವ ತನಕ ರೇವತಿ ಹೋಗಿ ಅವನ ಪರವಾಗಿ ಮಾತಾಡಿದಳು. ಇದನ್ನು ಮೆಸ್ಸಿನಲ್ಲಿ ಯಾರಿಗೂ ಹೇಳಬೇಡ ಎಂದು ಅವನು ಬೇಡಿಕೊಂಡ. ಅವಳು ಯಾರಿಗೂ ಹೇಳಲಿಲ್ಲ. ನಾನು ಎಲ್ಲರಿಗೂ ಹೇಳಿದೆ.

ಈಗ ಅದೇ ಗಿರೀಶಣ್ಣ ಪ್ಲೆಸೆಂಟನ್ನಿನ ಸೋಫಾದಲ್ಲಿ ಕೂತು ಫೋನಿನೊಳಗಿನ ಅನುಷಾಗೆ ಉಪದೇಶ ಮಾಡುತ್ತಿದ್ದ. ಯುದ್ಧದ ಮಾತು ಬಂದಾಗ "ಅದೆಲ್ಲ ದೂರ, ನಮ್ ಹುಡುಗ್ರು ಸೇಫು" ಎಂದು ಕೈ ಬೀಸಿ ಓಡಿಸಿದ. ಆಮೇಲೆ ಶುರುಮಾಡಿದ:

"ನೋಡಮ್ಮ, ಅಲ್ಲಿನ ಜನರ ಜೊತೆ ಬೆರೀಬೇಕು. ನಾನು ಬೆರೆತೆ. ಒಂದ್ಸಲ ಕಾಲು ಮುರ್ಕೊಂಡು ಆಸ್ಪತ್ರೆ ಸೇರಿದ್ದೆ. ನನ್ ರಷ್ಯನ್ ಕೇಳಿ ಡಾಕ್ಟರೇ ಬೆರಗಾಗಿಬಿಟ್ರು!"

ಬೆರಗಾದದ್ದು ನಿಜವೇ. ನನಗೆ ತಡೆಯಲಾಗಲಿಲ್ಲ. ಅವನ ಮುಖ ನೋಡಿ ಮೆಲ್ಲಗೆ, ಬಿಡಿಸಿ ಬಿಡಿಸಿ ಕೇಳಿದೆ: "ವಾಮ್ ನೆ ಸ್ತೀದ್ನೊ?" ನಿಮಗೆ ನಾಚಿಕೆಯಾಗುವುದಿಲ್ಲವೇ, ಎಂದು ಅದರ ಅರ್ಥ.

ಗಿರೀಶಣ್ಣ ಎದೆಯ ಮೇಲೆ ಕೈಯಿಟ್ಟು ಬಾಗಿದ. "ಸ್ಪಸೀಬಾ! ಬಲ್ಷೋಯೆ ಸ್ಪಸೀಬಾ!" ಎಂದ. ಧನ್ಯವಾದ, ಅನಂತ ಧನ್ಯವಾದ.

ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. "ಎಷ್ಟ್ ಚಂದ ಮಾತಾಡ್ತೀರ್ರಿ ಇಬ್ರೂ!" ಎಂದರು ಶಿವಾನಂದ. ಅವರ ಮಗ ಮಾತ್ರ ಫೋನಿನಲ್ಲಿ ಆ ಮಾತಿನ ಅರ್ಥ ಹುಡುಕಿ, "ಡ್ಯಾಡ್, ದಟ್ಸ್ ನಾಟ್..." ಎಂದು ಶುರುಮಾಡಿದ. ಮಂಗಲಾ ಅವನ ಬಾಯಿಗೆ ರೊಟ್ಟಿ ತುರುಕಿದರು.

ನನ್ನ ಸರದಿ ಬಂತು. ಫೋನು ಹಿಡಿದು ಹಿತ್ತಲಿಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಹಾಸ್ಟೆಲು, ಚಳಿ, ಮೆಸ್ಸು ಎಲ್ಲವನ್ನೂ ಜಾಡಿಸಿ, ಈ ಹುಡುಗಿ ಆ ಕಡೆ ತಲೆಹಾಕದಂತೆ ಮಾಡಬೇಕೆಂದು ನಾಲಿಗೆ ಮಸೆದುಕೊಂಡೇ ಕೂತಿದ್ದೆ.

"ಅಕ್ಕಾರ, ಒಂದ್ ಕೇಳ್ಲೇನ್ರಿ? ಅಲ್ಲಿ ನಿಮಗ ಖುಷಿ ಇತ್ತೇನ್ರಿ?"

ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮಾರ್ಕು ಎಷ್ಟು ಬಂತು ಎಂದು ಕೇಳಿದ್ದರು, ಚಳಿ ಎಷ್ಟು ಎಂದು ಕೇಳಿದ್ದರು. ಬೈಯಲು ಬಾಯಿ ತೆರೆದವಳು ನದಿಯ ಕತೆ ಹೇಳತೊಡಗಿದೆ. ಹೆಪ್ಪುಗಟ್ಟಿದ ವೋಲ್ಗಾದ ಮೇಲೆ ರೇವತಿಯೂ ನಾನೂ ನಡೆದುಹೋಗಿದ್ದೆವು. ನಡುನೀರಿನ ಮೇಲೆ ಅವಳು ಅಂಗಾತ ಮಲಗಿ "ನದಿಯ ಮೇಲೆ ಮಲಗಿದ್ದೇನೆ ನೋಡು!" ಎಂದು ಕೂಗಿದಳು, ನಾನೂ ಪಕ್ಕದಲ್ಲಿ ಬಿದ್ದುಕೊಂಡೆ. ಮಂಜುಗಡ್ಡೆಗೆ ತೂತು ಕೊರೆದು ಗಾಳ ಹಾಕಿದ್ದ ಒಬ್ಬ ಮುದುಕ ನಮ್ಮನ್ನು ಬೈಯತೊಡಗಿದ. ಮೀನು ಓಡಿಹೋಗುತ್ತವೆ, ಹೊರಳಾಡಬೇಕೆಂದರೆ ಆಚೆ ದಡಕ್ಕೆ ಹೋಗಿ ಸಾಯಿರಿ ಅಂದ. ಮೆಸ್ಸು ಬಿಟ್ಟ ಮೇಲೆ ರೇವತಿಯ ಜೊತೆ ನಾನೂ ರಷ್ಯನ್ ಕಲಿಯತೊಡಗಿದ್ದೆ, ಒಂದೊಂದು ಮಾತೂ ನನಗೆ ಅರ್ಥವಾಯಿತು. ಯಾರೂ ಬಿಡಿಸಿ ಹೇಳದೆ, ಯಾರೂ ನಡುವೆ ನಿಲ್ಲದೆ, ಅಷ್ಟೂ ಬೈಗುಳ ನೇರ ನನಗೇ ಬಂದು ಮುಟ್ಟಿತು. ಆಕಾಶ ನೋಡುತ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆ.

"ಇತ್ತವ್ವಾ," ಎಂದೆ. "ಭಾಳ ಖುಷಿ ಇತ್ತು." ನನ್ನ ದನಿ ಕೇಳಿ ನನಗೇ ಆಶ್ಚರ್ಯವಾಯಿತು.

ಅನುಷಾ ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದಳು. "ಯುದ್ಧದ ಸುದ್ದಿ ಕೇಳಿ ಅವ್ವ ಅಂಜ್ಯಾಳ್ರಿ. ನನಗೂ ಅಂಜಿಕಿ ಐತಿ. ಹೋಗೂದು ಬಿಡೂದು ವಿಚಾರ ಮಾಡ್ತೀವಿ. ಆದ್ರ ಹೋದ್ರೂ, ಯುದ್ಧ ದೂರ ಐತಿ ಅಂದ್ರಲ್ಲ, ಆ ಅಣ್ಣಾರ ಕಡಿಂದ ಹೋಗೂದಿಲ್ರಿ." ಆಮೇಲೆ ಫೋನಿಗೆ ಹತ್ತಿರ ಬಂದಳು. "ಆ ಮುದುಕ ಬೈದಿದ್ದನ್ನ ಅವರ ಭಾಷಾದಾಗ ಹೇಳ್ರಿ."

ಹೇಳಿದೆ. ಅವಳು ಅಂದಳು, ತಪ್ಪಾಯಿತು. ತಿದ್ದಿದೆ. ಮತ್ತೆ ಅಂದಳು. ತಿಂಡಿ ಆರುತ್ತಿದೆ ಎಂದು ಮಂಗಲಾ ಒಳಗಿನಿಂದ ಕರೆದರು. ಬಂದೆ ಎಂದು ಕೂಗಿ ಅಲ್ಲೇ ಕೂತೆ. ರಾಣೆಬೆನ್ನೂರಿನ ಆ ಹುಡುಗಿ ಗಂಟಲು ಸರಿಮಾಡಿಕೊಂಡು, ಕತ್ತೆತ್ತಿ, ವೋಲ್ಗಾ ದಂಡೆಯ ಮುದುಕನ ದನಿಯಲ್ಲಿ ನನ್ನನ್ನು ಚೆನ್ನಾಗಿ ಬೈದಳು.